ಮುತ್ತಜ್ಜನ ಪಟದ ಬೆನ್ನು



ಬಾನುಲಿಯಲ್ಲಿ ಕೂತು ಪಟದ ಬಗ್ಗೆ ಮಾತಾಡುವುದರಲ್ಲಿ ಒಂದು ಅನುಕೂಲವಿದೆ. ಕೇಳುವವರು ಮುಖ ನೋಡಿ ಮರುಳಾಗುವಂತಿಲ್ಲ. ಹಳೆಯ ಭಾವಚಿತ್ರಗಳಲ್ಲಿ ಹೆಚ್ಚಾಗಿ ದಾರಿ ತಪ್ಪಿಸುವುದು ಮುಖವೇ. ಹಾಗಾಗಿ ಮುಖದ ಮಾತನ್ನು ಬೇಗ ಮುಗಿಸಿಬಿಡುತ್ತೇನೆ.

ಅಮೆರಿಕದ ಮಿಲ್ವಾಕಿ, ಶಿಕಾಗೊ, ಸಿನ್ಸಿನಾಟಿ ಊರುಗಳ ಜರ್ಮನ್ ಮೂಲದ ಮನೆಗಳಲ್ಲಿ ಅಟ್ಟದ ಪೆಟ್ಟಿಗೆ ತೆಗೆದರೆ ಸಿಗುವಂಥ, ಹತ್ತೊಂಬತ್ತನೆಯ ಶತಮಾನದ ಪಟ ನನ್ನ ಮನಸ್ಸಿನಲ್ಲಿರುವುದು. ಅಂಗೈಯಗಲದ ಗಟ್ಟಿ ರಟ್ಟು. ಕುರ್ಚಿಯಲ್ಲಿ ಕಪ್ಪು ಕೋಟಿನ ಗಂಡಸು, ಹೊಟ್ಟೆಯ ಮೇಲೆ ಅಡ್ಡಲಾಗಿ ಗಡಿಯಾರದ ಸರಪಳಿ. ಪಕ್ಕದಲ್ಲಿ ನಿಂತ ಹೆಂಡತಿ, ಒಂದು ಕೈ ಅವನ ಭುಜದ ಮೇಲೆ. ಹಿಂದೆ ಬಟ್ಟೆಯ ಮೇಲೆ ಬರೆದ ಕಂಬ, ಕಟಾಂಜನ, ದೂರದಲ್ಲೊಂದು ಸರೋವರ. ಇಬ್ಬರ ಮುಖದಲ್ಲೂ ನಗುವಿಲ್ಲ. ನಾನು ಹೇಳುತ್ತಿರುವುದು ಯಾವುದೋ ಒಂದು ಮನೆಯ ಪಟವನ್ನಲ್ಲ. ಇಂಥವು ಲೆಕ್ಕವಿಲ್ಲದಷ್ಟಿವೆ. ಈ ಮನೆಯದನ್ನು ಆ ಮನೆಯಲ್ಲಿಟ್ಟು ಬಂದರೆ ಎಷ್ಟೋ ಕಡೆ ಯಾರಿಗೂ ತಿಳಿಯಲಿಕ್ಕಿಲ್ಲ. ಮರಿಮಕ್ಕಳು ಕೇಳುವುದು, 'ಇವರು ಯಾರು?' ಎಂದು. ನನಗೆ ಅದಕ್ಕಿಂತ ಮೊದಲು ಕೇಳಬೇಕೆನಿಸುವ ಪ್ರಶ್ನೆ ಬೇರೆ: ಈ ಪಟಕ್ಕೆ ದುಡ್ಡು ಕೊಟ್ಟವರು ಯಾರು? ಯಾರ ಕಣ್ಣಿಗೆ ಬೀಳಲಿ ಎಂದು ಕೊಟ್ಟರು?

ಅದಕ್ಕಾಗಿ ರಟ್ಟನ್ನು ಮಗುಚಬೇಕು.

ಬೆನ್ನಿನ ಮೇಲೆ ಸ್ಟುಡಿಯೋದ ಹೆಸರು, ಬೀದಿ, ಊರು ಅಚ್ಚಾಗಿರುತ್ತವೆ. ಆ ಕಾಲದ ಅಮೆರಿಕದ ದೊಡ್ಡ ಊರುಗಳಲ್ಲಿ ಯಾವ ಬೀದಿಯ ಯಾವ ನಂಬರಿನಲ್ಲಿ ಯಾವ ಕಸುಬಿನವನಿದ್ದಾನೆ ಎಂದು ವರ್ಷವರ್ಷವೂ ವಿಳಾಸದ ಪುಸ್ತಕ ಅಚ್ಚು ಹಾಕುತ್ತಿದ್ದರು. ಛಾಯಾಗ್ರಾಹಕರು ಅಂಗಡಿ ಬದಲಾಯಿಸುವುದರಲ್ಲಿ ನಿಸ್ಸೀಮರು. ಮೂರು ವರ್ಷ ಒಂದು ಬೀದಿ, ಆಮೇಲೆ ಇನ್ನೊಂದು, ನಡುವೆ ಒಬ್ಬ ಪಾಲುದಾರ ಸೇರುತ್ತಾನೆ, ಬಿಟ್ಟುಹೋಗುತ್ತಾನೆ. ಬೆನ್ನಿನ ವಿಳಾಸವನ್ನು ಆ ಪುಸ್ತಕಗಳ ಜೊತೆ ಹೋಲಿಸಿದರೆ ಪಟದ ಕಾಲ ಎರಡು ಮೂರು ವರ್ಷಗಳ ಅಂತರಕ್ಕೆ ಬಂದು ನಿಲ್ಲುತ್ತದೆ. ಮುಖ ನೋಡಿ ವಯಸ್ಸು ಊಹಿಸುವವರು ಹತ್ತು ವರ್ಷ ತಪ್ಪುತ್ತಾರೆ.

ಕೆಲವು ಪಟಗಳ ಬೆನ್ನಿಗೆ ಒಂದು ಪುಟ್ಟ ಅಂಚೆಚೀಟಿಯಂಥದು ಅಂಟಿಕೊಂಡಿರುತ್ತದೆ. ಅದು ಅಂಚೆಯದಲ್ಲ, ತೆರಿಗೆಯದು. ಅಮೆರಿಕದ ಅಂತರ್ಯುದ್ಧದ ಖರ್ಚಿಗೆ ಹಣ ಸಾಲದೆ ಅಲ್ಲಿನ ಸರಕಾರ ಫೋಟೋಗಳ ಮೇಲೂ ತೆರಿಗೆ ಹಾಕಿತು. 1864ರ ಸೆಪ್ಟೆಂಬರ್ 1ರಂದು ಶುರುವಾದದ್ದು 1866ರ ಆಗಸ್ಟ್ 1ಕ್ಕೆ ಮುಗಿಯಿತು. ಪಟದ ಬೆಲೆ 25 ಸೆಂಟಿನೊಳಗಿದ್ದರೆ 2 ಸೆಂಟಿನ ಚೀಟಿ, 50ರವರೆಗೆ 3 ಸೆಂಟಿನದು, ಒಂದು ಡಾಲರಿನವರೆಗೆ 5 ಸೆಂಟಿನದು. ಹಚ್ಚಿದ ಚೀಟಿಯ ಮೇಲೆ ಸ್ಟುಡಿಯೋದವನು ತನ್ನ ಹೆಸರಿನ ಮೊದಲಕ್ಷರ ಗೀಚಬೇಕು, ಕೆಲವರು ತಾರೀಕನ್ನೂ ಹಾಕುತ್ತಿದ್ದರು. ಮುತ್ತಜ್ಜ ಯಾವಾಗ ಹೋಗಿ ಕೂತ, ಎಷ್ಟು ಕಾಸು ಬಿಚ್ಚಿದ ಎರಡೂ ಆ ಚೂರು ಕಾಗದದಲ್ಲೇ ಸಿಗುತ್ತವೆ. ಎರಡು ವರ್ಷವೂ ತುಂಬದ ಆ ತೆರಿಗೆಗೆ ಅಂದು ಶಾಪ ಹಾಕದ ಸ್ಟುಡಿಯೋ ಇರಲಿಕ್ಕಿಲ್ಲ. ಇಂದು ವಂಶಾವಳಿ ಹುಡುಕುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇಷ್ಟಾದರೂ ರಟ್ಟನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನೆಗೆಟಿವ್ ನಮ್ಮಲ್ಲಿರುತ್ತದೆ, ಬೇಕೆಂದಾಗ ಬಂದು ಇನ್ನಷ್ಟು ಪ್ರತಿ ಪಡೆಯಿರಿ ಎಂದು ಬಹಳ ಸ್ಟುಡಿಯೋಗಳು ಬೆನ್ನಿನ ಮೇಲೇ ಅಚ್ಚು ಹಾಕುತ್ತಿದ್ದವು. ಪಟದಿಂದ ಪಟ ತೆಗೆದುಕೊಡುವುದೂ ಅವರ ಕಸುಬಿನ ಭಾಗ. ಊರು ಬಿಡುವಾಗ ಅವ್ವನ ಚಿತ್ರವನ್ನು ಜೊತೆಗೊಯ್ದವನು ಮುಂದೆ ನಾಲ್ಕು ಕಾಸು ಕೂಡಿದ ಮೇಲೆ ಅದನ್ನು ಶಿಕಾಗೊದ ಸ್ಟುಡಿಯೋಗೆ ಕೊಟ್ಟು, ಅಣ್ಣತಮ್ಮಂದಿರಿಗೆಲ್ಲ ಒಂದೊಂದು ಇರಲಿ ಎಂದು ಪ್ರತಿ ಮಾಡಿಸುತ್ತಿದ್ದ. ರಟ್ಟಿನ ಮೇಲೆ ಶಿಕಾಗೊದ ವಿಳಾಸ ಬರುತ್ತದೆ. ನೂರೈವತ್ತು ವರ್ಷದ ಮೇಲೆ ನೋಡಿದವರು ಈ ಅಜ್ಜಿಯೂ ಹಡಗು ಹತ್ತಿ ಬಂದಿದ್ದಳು ಎಂದು ಬರೆದಿಡುತ್ತಾರೆ. ಆಕೆ ತನ್ನ ಹಳ್ಳಿಯ ಗಡಿಯನ್ನೇ ದಾಟಿರುವುದಿಲ್ಲ.

ಈಗ ಕಾಗದದ ಕಥೆ. ನನಗೆ ಇದರಷ್ಟು ಸೋಜಿಗವೆನಿಸಿದ ಭಾಗ ಬೇರೆ ಇಲ್ಲ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

1850ರವರೆಗೆ ಭಾವಚಿತ್ರ ತೆಗೆಸುವುದು ಬಡವರ ಕೈಗೆ ಸುಲಭಕ್ಕೆ ಎಟುಕುತ್ತಿರಲಿಲ್ಲ. 1854ರಲ್ಲಿ ಪ್ಯಾರಿಸಿನ ದಿಸ್ದೇರಿ ಎಂಬ ಛಾಯಾಗ್ರಾಹಕ ಒಂದು ಹಂಚಿಕೆ ಕಂಡುಹಿಡಿದು ಪೇಟೆಂಟ್ ಪಡೆದ. ಒಂದೇ ಗಾಜಿನ ಫಲಕದ ಮೇಲೆ ಹಲವು ಪುಟ್ಟ ಚಿತ್ರ ತೆಗೆದು, ಒಟ್ಟಿಗೆ ಅಚ್ಚೊತ್ತಿ, ಕತ್ತರಿಸಿ, ಸುಮಾರು ನಾಲ್ಕು ಇಂಚು ಉದ್ದ ಎರಡೂವರೆ ಇಂಚು ಅಗಲದ ರಟ್ಟಿಗೆ ಅಂಟಿಸುವುದು. ಕಾರ್ಟ್ ದ ವಿಸಿತ್ ಎಂದು ಅದಕ್ಕೆ ಹೆಸರು. ಬೆಲೆ ಇಳಿಯಿತು, ಡಜನ್ ಲೆಕ್ಕದಲ್ಲಿ ಮಾಡಿಸಿ ಹಂಚುವ ಹುಚ್ಚು ಹತ್ತಿತು. 1866ರ ಹೊತ್ತಿಗೆ ಇದಕ್ಕಿಂತ ದೊಡ್ಡದಾದ ಕ್ಯಾಬಿನೆಟ್ ಕಾರ್ಡ್ ಬಂತು. ನಮ್ಮ ಮುತ್ತಜ್ಜ ಮುತ್ತಜ್ಜಿ ಕೂತಿರುವುದು ಈ ಎರಡರಲ್ಲೊಂದರ ಮೇಲೆ.

ಆ ರಟ್ಟಿಗೆ ಅಂಟಿಸಿದ ತೆಳು ಕಾಗದಕ್ಕೆ ಹೊಳಪು ಕೊಡುತ್ತಿದ್ದುದು ಕೋಳಿಮೊಟ್ಟೆಯ ಬಿಳಿ. ಬಿಳಿಯನ್ನು ಉಪ್ಪಿನ ಜೊತೆ ಕಡೆದು, ಸೋಸಿ, ಅದರ ಮೇಲೆ ಕಾಗದ ತೇಲಿಸಿ ಒಣಗಿಸುತ್ತಿದ್ದರು. ಆಮೇಲೆ ಬೆಳ್ಳಿಯ ದ್ರಾವಣ ಹಾಯಿಸಿ, ನೆಗೆಟಿವ್‌ನ ಕೆಳಗಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರ ಮೂಡುತ್ತಿತ್ತು. ಕಾಗದದಲ್ಲಿ ಕಬ್ಬಿಣದ ಒಂದು ಕಣವಿದ್ದರೂ ಕಲೆ ಬೀಳುವುದರಿಂದ ಅತಿ ಶುದ್ಧ ನೀರಿನ ಊರಲ್ಲೇ ಕಾಗದ ತಯಾರಾಗಬೇಕು. ಲೋಕಕ್ಕೆಲ್ಲ ಅಂಥ ಕಾಗದ ಒದಗಿಸಿದ್ದು ಬಹುಪಾಲು ಎರಡೇ ಗಿರಣಿಗಳು, ಒಂದು ಫ್ರಾನ್ಸಿನ ರೀವ್‌ನದು, ಇನ್ನೊಂದು ಆಗ ಪ್ರಷ್ಯಕ್ಕೆ ಸೇರಿದ್ದ ಮಾಲ್ಮೆಡಿಯದು. ಮೊಟ್ಟೆ ಹಚ್ಚುವ ಕೆಲಸದ ರಾಜಧಾನಿ ಜರ್ಮನಿಯ ಡ್ರೆಸ್ಡನ್. 1888ರಲ್ಲಿ ಅಲ್ಲಿನ ಒಂದೇ ಕಾರ್ಖಾನೆ ತಯಾರಿಸಿದ್ದು 18,674 ರೀಮು ಕಾಗದ. ಒಂದು ರೀಮಿಗೆ 27 ಡಜನ್ ಮೊಟ್ಟೆ. ಗುಣಿಸಿ ನೋಡಿದರೆ ಅರವತ್ತು ಲಕ್ಷ ದಾಟುತ್ತದೆ. 

ಆ ಕಾಗದ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿತ್ತು. ಅದೇ ದಶಕದಲ್ಲಿ, 1880ರಿಂದ 1890ರೊಳಗೆ, ಜರ್ಮನಿಯಿಂದ 14 ಲಕ್ಷಕ್ಕೂ ಹೆಚ್ಚು ಜನ ಅಮೆರಿಕಕ್ಕೆ ಹೊರಟುಹೋದರು. ಬ್ರೆಮೆನ್, ಹ್ಯಾಂಬರ್ಗ್ ಬಂದರುಗಳಿಂದ ಕಾಗದವೂ ಹೋಯಿತು, ರೈತನ ಮಗನೂ ಹೋದ. ಅಲ್ಲಿ ಯಾವುದೋ ಊರಿನ ಮಹಡಿಯ ಮೇಲಿನ ಸ್ಟುಡಿಯೋದಲ್ಲಿ ಅವನ ಮೋರೆ ಆ ಕಾಗದದ ಮೇಲೆ ಮೂಡಿತು. ಮತ್ತೆ ಲಕೋಟೆಯೊಳಗೆ ಕೂತು ಸಾಗರ ದಾಟಿ ಹುಟ್ಟಿದ ಮನೆಗೆ ಬಂತು. ಬಂದದ್ದು ಕಾಗದ ಮಾತ್ರ. ಹೋದ ಮಗ ಹೆಚ್ಚಾಗಿ ಬರಲೇ ಇಲ್ಲ.

ಇನ್ನು ಸ್ಟುಡಿಯೋದ ಒಳಗೆ ಹೋಗೋಣ. ಬೆಳಕಿಗಾಗಿ ಕಟ್ಟಡದ ಮೇಲ್ಮಹಡಿ, ಬಡಗು ದಿಕ್ಕಿಗೆ ಓರೆಯಾದ ಗಾಜಿನ ಸೂರು. ಬೇಸಿಗೆಯಲ್ಲಿ ಉರಿ, ಚಳಿಗಾಲದಲ್ಲಿ ಮಂದ ಬೆಳಕು. 1880ಕ್ಕೆ ಮುಂಚೆ ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟು ದ್ರವ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒದ್ದೆ ಆರುವುದರೊಳಗೆ ಚಿತ್ರ ತೆಗೆದು ತೊಳೆದು ಮುಗಿಸಬೇಕಿತ್ತು. ಕೂತವರು ಕೆಲವು ಸೆಕೆಂಡು ಅಲುಗಬಾರದು, ಮೋಡವಿದ್ದರೆ ಇನ್ನೂ ಹೆಚ್ಚು ಹೊತ್ತು. ಅದಕ್ಕೆಂದೇ ಭಾರದ ಪಾದವಿರುವ ಒಂದು ಕಬ್ಬಿಣದ ಕಂಬ ಇರುತ್ತಿತ್ತು. ಅದರ ತುದಿಯ ಕವೆಗೋಲು ತಲೆಯ ಹಿಂಭಾಗಕ್ಕೆ ತಾಗಿ ನಿಲ್ಲುತ್ತಿತ್ತು. ನಿಂತವರ ಬೂಟಿನ ಹಿಂದೆ ಇಣುಕುವ ಮೂರನೆಯ ಪಾದ ಯಾವುದು ಎಂದು ನೋಡಿದರೆ ಅದೇ. ಇದನ್ನು ಕಂಡು, ಇದು ಹೆಣವನ್ನು ನಿಲ್ಲಿಸಿ ತೆಗೆದ ಚಿತ್ರ ಎಂದು ಕಥೆ ಕಟ್ಟುವವರು ಈಗೀಗ ಹೆಚ್ಚಾಗಿದ್ದಾರೆ. ಹೆಣದ ಭಾರ ಹೊರುವ ಶಕ್ತಿ ಆ ಕಂಬಕ್ಕಿಲ್ಲ. ಕಂಬ ಕಂಡರೆ ಎದುರಿಗಿದ್ದವರು ಬದುಕಿದ್ದರು, ಅಲುಗಾಡುವ ಭಯವಿತ್ತು ಎಂದೇ ಅರ್ಥ.

ಬಣ್ಣದ ವಿಷಯದಲ್ಲಂತೂ ಆ ಗಾಜಿನ ಫಲಕ ಶುದ್ಧ ಸುಳ್ಳುಗಾರ. ಅದಕ್ಕೆ ನೀಲಿ ಬಲು ಬೇಗ ಕಾಣುತ್ತದೆ, ಕೆಂಪು ಹಳದಿ ಕಾಣುವುದೇ ಇಲ್ಲ. ಉತ್ತರ ಯುರೋಪಿನವರ ತಿಳಿನೀಲಿ ಕಣ್ಣು ಬಿಳಿಚಿಕೊಂಡು ದೆವ್ವದ ಕಣ್ಣಿನಂತೆ ಬರುತ್ತದೆ. ಬಿಸಿಲಲ್ಲಿ ದುಡಿದು ಕೆಂಪೇರಿದ ಕೆನ್ನೆ ಕಪ್ಪಾಗುತ್ತದೆ, ಮೂಗಿನ ಮೇಲಿನ ಸಣ್ಣ ಚುಕ್ಕೆಗಳು ಸಿಡುಬಿನ ಕಲೆಗಳಂತೆ ಎದ್ದು ಬರುತ್ತವೆ. ಕೆಂಪು ಲಂಗ ಕಪ್ಪಾಗಿ ಕಂಡು, ಮುತ್ತಜ್ಜಿ ಸೂತಕದಲ್ಲಿದ್ದಳು ಎಂದು ಮನೆಯವರು ಮರುಗುತ್ತಾರೆ. ಅವಳು ಹಬ್ಬದ ಬಟ್ಟೆ ಉಟ್ಟು ಬಂದಿರಬಹುದು.

ಉಂಗುರದ ತಕರಾರು ಇನ್ನೂ ಚೆನ್ನಾಗಿದೆ. ಆ ಕಾಲದ ಅಗ್ಗದ ಪಟವೆಂದರೆ ಟಿನ್‌ಟೈಪ್. ತೆಳು ಕಬ್ಬಿಣದ ತಗಡಿನ ಮೇಲೆ ನೇರವಾಗಿ ಮೂಡಿಸಿದ್ದು, ನೆಗೆಟಿವ್ ಇಲ್ಲ, ಹಾಗಾಗಿ ಎಡಬಲ ಅದಲುಬದಲು. ಕೋಟಿನ ಗುಂಡಿಗಳು ತಪ್ಪು ಬದಿಗೆ ಹೋಗುತ್ತವೆ. ಎಡಗೈಯ ಮದುವೆಯ ಉಂಗುರ ಬಲಗೈಗೆ ಬರುತ್ತದೆ. ಆದರೆ ಜರ್ಮನ್ನರಲ್ಲಿ, ನಾರ್ವೆಯವರಲ್ಲಿ ಮದುವೆಯ ಉಂಗುರ ತೊಡುವುದೇ ಬಲಗೈಗೆ. ಅವರ ಟಿನ್‌ಟೈಪಿನಲ್ಲಿ ಅದು ಎಡಗೈಯಲ್ಲಿ ಕೂತು, ನೋಡಿದವರಿಗೆ ಇವರು ಐರಿಷರೋ ಇಂಗ್ಲಿಷರೋ ಎನ್ನಿಸಿಬಿಡುತ್ತದೆ. ಮೊದಲು ಕೋಟಿನ ಗುಂಡಿ ನೋಡಿ ಆಮೇಲೆ ಉಂಗುರಕ್ಕೆ ಬರಬೇಕು.

ಇಷ್ಟೆಲ್ಲ ಕಷ್ಟಪಟ್ಟು ಕೂತದ್ದು ಯಾರಿಗಾಗಿ? ನಮಗಾಗಿ ಅಂತೂ ಅಲ್ಲ. ಮರಿಮಕ್ಕಳು ನೋಡಲಿ ಎಂದು ಯಾವ ಕೂಲಿಯೂ ಒಂದು ದಿನದ ಸಂಬಳ ಕೊಡುವುದಿಲ್ಲ. ಆ ಪಟ ಹೊರಟದ್ದು ಬಿಟ್ಟುಬಂದ ಊರಿನ ಒಂದು ಮನೆಗೆ. ಅದು ತಾಯಿಯ ಮನೆ ಇರಬಹುದು, ಮಾವನ ಮನೆ ಇರಬಹುದು, ಮುಂದಿನ ಹಡಗಿಗೆ ಬರಲಿರುವ ತಮ್ಮನ ಮನೆಯೂ ಇರಬಹುದು. ಪತ್ರ ಓದಲು ಬಾರದವರೂ ಪಟ ಓದುತ್ತಾರೆ. ಮಗ ಬದುಕಿದ್ದಾನೆ, ಮೈಗೂಡಿದ್ದಾನೆ, ಮದುವೆಯಾಗಿದ್ದಾನೆ, ಕೋಟು ಹಾಕಿದ್ದಾನೆ. ಆ ಕಡೆಯವರಿಗೆ ತಿಳಿಯಬೇಕಾದ್ದು ಇಷ್ಟು. ಹಿಂದಿನ ಪರದೆಯ ಕಂಬ, ಸರೋವರ ಸುಳ್ಳೆಂದು ಅವರಿಗೂ ಗೊತ್ತಿತ್ತು, ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ನಮ್ಮ ದಕ್ಷಿಣ ಕನ್ನಡದಿಂದ ಮುಂಬಯಿಯ ಹೋಟೆಲಿಗೆ ಹೋದ ಹುಡುಗ ಕೈಗಡಿಯಾರ ಕಾಣುವಂತೆ ತೋಳು ಮಡಚಿ ತೆಗೆಸಿದ ಫೋಟೋ ಊರಿಗೆ ಕಳಿಸಿದಾಗ ಅವನ ಅಮ್ಮ ಅದನ್ನು ಹೇಗೆ ನೋಡಿದಳೋ, ಆ ಪಟವನ್ನು ಅಲ್ಲಿನ ತಾಯಿಯೂ ಹಾಗೆಯೇ ನೋಡಿದ್ದು.

ಹಾಗಾಗಿ ಇಂಥ ಪಟದಲ್ಲಿ ವಲಸಿಗನ ಕಷ್ಟ ಕಾಣುವುದಿಲ್ಲ ಎಂದು ಇತಿಹಾಸಕಾರರು ಗೊಣಗುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಕಷ್ಟ ತೋರಿಸಲು ಅವನು ದುಡ್ಡು ಕೊಟ್ಟಿರಲಿಲ್ಲ. ಕಸಾಯಿಖಾನೆಯ ಕೆಲಸದ ಬಟ್ಟೆ ಕಳಚಿ, ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯದನ್ನು ಹಾಕಿಕೊಂಡು ಬಂದದ್ದೇ ಅವನು ಹೇಳಬೇಕೆಂದಿದ್ದ ಮಾತು.

ಕೆಲವೊಮ್ಮೆ ಈ ಪಟದ ಹೊರತು ಬೇರೇನೂ ಉಳಿದಿರುವುದಿಲ್ಲ. ಹ್ಯಾಂಬರ್ಗಿನಿಂದ ಹೊರಟವರ ಪಟ್ಟಿಗಳು 1850ರಿಂದಲೂ ಇವೆ. ಬ್ರೆಮೆನ್‌ನವರು ಜಾಗ ಸಾಲದೆಂದು ಹಳೆಯ ಪಟ್ಟಿಗಳನ್ನು ಕಾಲಕಾಲಕ್ಕೆ ನಾಶ ಮಾಡಿಬಿಟ್ಟರು. ಅಮೆರಿಕದ 1890ರ ಜನಗಣತಿಯ ಕಾಗದಗಳು ವಾಷಿಂಗ್ಟನ್ನಿನಲ್ಲಿ 1921ರ ಜನವರಿಯಲ್ಲಿ ಬೆಂಕಿಗೆ ಸಿಕ್ಕವು, ಉಳಿದದ್ದು ಅತ್ಯಲ್ಪ. 1881ರಲ್ಲಿ ಬಂದಿಳಿದು 1899ರೊಳಗೆ ಸತ್ತುಹೋದ ಮಗುವೊಂದು ದೇಶದ ಯಾವ ಗಣತಿಯಲ್ಲೂ ಸಿಗುವುದಿಲ್ಲ. ಪಟದಲ್ಲಿ ಅಪ್ಪನ ಮೊಣಕಾಲಿಗೆ ಒರಗಿ, ಅಲುಗಿದ್ದರಿಂದ ಮುಖ ಮಸುಕಾಗಿ ನಿಂತಿರುತ್ತದೆ.

ಆದರೆ ದಾಖಲೆ ಇಲ್ಲವೆಂದು ಬರಿಯ ಹೆಸರನ್ನು ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ನ್ಯೂಯಾರ್ಕಿನ ಎಲಿಸ್ ದ್ವೀಪದ ವಲಸೆ ಕೇಂದ್ರ 1892ರ ಜನವರಿ 1ರಂದು ತೆರೆದಾಗ ಮೊದಲು ಒಳಗೆ ಬಂದವಳು ಐರ್ಲೆಂಡಿನ ಆ್ಯನಿ ಮೂರ್ ಎಂಬ ಹುಡುಗಿ. ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟು ಸ್ವಾಗತಿಸಿದರು. ಮುಂದೆ ಸಾಗರದ ಎರಡೂ ದಡಗಳಲ್ಲಿ ಅವಳ ವಿಗ್ರಹಗಳು ಎದ್ದವು. ಅವಳು ಟೆಕ್ಸಾಸಿಗೆ ಹೋಗಿ 1923ರಲ್ಲಿ ಟ್ರಾಮ್‌ಗೆ ಸಿಕ್ಕು ಸತ್ತಳು ಎಂಬ ಕಥೆ ಬಹುಕಾಲ ನಡೆದು, ಆ ಮನೆಯವರಿಗೆ ಮರ್ಯಾದೆಗಳೂ ಸಂದವು. 2006ರಲ್ಲಿ ವಂಶಾವಳಿ ತಜ್ಞೆ ಮೇಗನ್ ಸ್ಮೊಲೆನ್ಯಾಕ್ ದಾಖಲೆ ತೆಗೆದು ನೋಡಿದರೆ ಟೆಕ್ಸಾಸಿನ ಆ್ಯನಿ ಹುಟ್ಟಿದ್ದೇ ಇಲಿನಾಯ್ ರಾಜ್ಯದಲ್ಲಿ. ನಿಜವಾದ ಆ್ಯನಿ ಬಂದಿಳಿದ ನ್ಯೂಯಾರ್ಕಿನಲ್ಲೇ ಬಡವರ ಕೇರಿಯಲ್ಲಿ ಸಂಸಾರ ಮಾಡಿ, 1924ರಲ್ಲಿ ತೀರಿಕೊಂಡು, ಕಲ್ಲು ಕೂಡ ಇಲ್ಲದ ಗೋರಿಯಲ್ಲಿದ್ದಳು. ಕಲ್ಲು ನೆಟ್ಟದ್ದು 2008ರಲ್ಲಿ. ಪಟದ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದ 'ಅಜ್ಜಿ ಆನಾ' ಎಂಬಂಥ ಹೆಸರುಗಳನ್ನು ಎಷ್ಟು ನಂಬಬೇಕು ಎಂಬುದನ್ನು ನೀವೇ ಯೋಚಿಸಿ. ಬರೆದವರು ಯಾರು, ಎಷ್ಟು ತಲೆಮಾರಿನ ಮೇಲೆ ಬರೆದರು?

ಇದುವರೆಗೆ ಹೇಳಿದ್ದು ತಾನಾಗಿ ದುಡ್ಡು ಕೊಟ್ಟು ಪಟ ತೆಗೆಸಿಕೊಂಡವರ ಕಥೆ. ಅದೇ ಕಾಲದಲ್ಲಿ, ಅದೇ ಮೊಟ್ಟೆಬಿಳಿಯ ಕಾಗದದ ಯುಗದಲ್ಲಿ, ಇನ್ನೊಂದು ಬಗೆಯ ವಲಸಿಗರನ್ನೂ ಕ್ಯಾಮೆರಾದ ಮುಂದೆ ಕೂರಿಸಿದರು. ಅವರು ನಮ್ಮ ದೇಶದವರು.

1834ರಿಂದ ಮುಂದಿನ ಎಂಟು ಒಂಬತ್ತು ದಶಕಗಳಲ್ಲಿ ಐದು ಲಕ್ಷದ ಹತ್ತಿರ ಹತ್ತಿರ ಭಾರತೀಯರು ಕರಾರಿನ ಕೂಲಿಗಳಾಗಿ ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ ಇಳಿದರು. ಕಲ್ಕತ್ತ, ಮದ್ರಾಸು, ಮುಂಬಯಿ ಮೂರೂ ಬಂದರುಗಳಿಂದ ಹೋದವರು. ಇಳಿದವರಲ್ಲಿ ಬಹುಪಾಲು ಕಬ್ಬಿನ ತೋಟಗಳಿಗೆ. ಅವರು ಹತ್ತಿದ ಮೆಟ್ಟಿಲುಗಳು ಇಂದು ಆಪ್ರವಾಸಿ ಘಾಟ್ ಎಂಬ ಹೆಸರಿನಲ್ಲಿ ವಿಶ್ವ ಪರಂಪರೆಯ ತಾಣ. ಇಳಿದ ಕೂಡಲೇ ಒಂದು ನಂಬರು. ಸಾಯುವವರೆಗೆ ಅದೇ ನಂಬರು. ಕರಾರು ಮುಗಿಸಿ ಸ್ವತಂತ್ರರಾದವರನ್ನು 'ಹಳೆಯ ವಲಸಿಗರು' ಎಂದು ಕರೆದರು. ಇವರು ತೋಟದ ಹೊರಗೆ ತಮ್ಮಿಷ್ಟದಂತೆ ಓಡಾಡಿ, ತರಕಾರಿ ಮಾರಿ, ಬೇರೆ ಕಸುಬು ಹಿಡಿಯುವುದು ತೋಟದ ಧಣಿಗಳಿಗೆ ಹಿಡಿಸಲಿಲ್ಲ. 1867ರ ಕಾಯಿದೆ ಬಂದು, ಹಳೆಯ ವಲಸಿಗ ಸದಾಕಾಲ ತನ್ನ ಫೋಟೋ ಅಂಟಿಸಿದ ಟಿಕೆಟ್ಟು ಜೊತೆಗಿಟ್ಟುಕೊಂಡಿರಬೇಕು ಎಂದಿತು. ಕಳೆದರೆ ಮತ್ತೊಂದಕ್ಕೆ ದುಡ್ಡು ಕಟ್ಟಬೇಕು. ಪೊಲೀಸರು ಕೇಳಿದಾಗ ಇಲ್ಲವೆಂದರೆ ಅಲೆಮಾರಿ ಎಂದು ಹಿಡಿದೊಯ್ಯುತ್ತಿದ್ದರು. ಜನರ ಗುರುತಿಗೆಂದು ಸರಕಾರವೇ ಫೋಟೋವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಬಳಸಿದ್ದಕ್ಕೆ ಜಗತ್ತಿನ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು.

ಆ ಪಟಗಳಲ್ಲಿ ಸರೋವರವಿಲ್ಲ, ಕಟಾಂಜನವಿಲ್ಲ. ಎದೆಯಿಂದ ಮೇಲೆ, ನೇರಕ್ಕೆ, ಒಬ್ಬೊಬ್ಬರೇ. ಹೆಗಲ ಮೇಲೊಂದು ವಸ್ತ್ರ, ತಲೆಗೆ ಸುತ್ತಿದ ಬಟ್ಟೆ. ಹೆಂಗಸರಲ್ಲಿ ಕೆಲವರಿಗೆ ಮೂಗುತಿ. ಊರಿನ ತಾಯಿಗೆ ಕಳಿಸಲು ಯಾರೂ ಪ್ರತಿ ಕೊಡಲಿಲ್ಲ. ಇದರ ಉದ್ದೇಶವೇ ಬೇರೆ: ಇವನು ತಪ್ಪಿಸಿಕೊಂಡು ಹೋದರೆ ಇವನೇ ಅವನು ಎಂದು ಪತ್ತೆ ಹಚ್ಚುವುದು. 1871ರಲ್ಲಿ ಅಡಾಲ್ಫ್ ದ ಪ್ಲೆವಿಟ್ಜ್ ಎಂಬ ಐರೋಪ್ಯನ ನೆರವಿನಿಂದ ಒಂಬತ್ತು ಸಾವಿರಕ್ಕೂ ಹೆಚ್ಚು ಹಳೆಯ ವಲಸಿಗರು ಈ ಕಾಟದ ವಿರುದ್ಧ ಮನವಿಗೆ ಗುರುತು ಹಾಕಿದರು. ಧಣಿಗಳು ಪ್ಲೆವಿಟ್ಜ್‌ನನ್ನು ದ್ವೀಪದಿಂದಲೇ ಓಡಿಸಬೇಕೆಂದು ಕೂಗಾಡಿದರು. ಕೊನೆಗೆ ಲಂಡನ್ನಿನಿಂದ ರಾಯಲ್ ಕಮಿಷನ್ ಬಂದು, ದೂರುಗಳಲ್ಲಿ ಹುರುಳಿದೆ ಎಂದು 1875ರಲ್ಲಿ ವರದಿ ಕೊಟ್ಟಿತು.

ಮಿಲ್ವಾಕಿಯ ಪಟದಲ್ಲಿ ಮನುಷ್ಯ ತನಗೆ ಬೇಕಾದಂತೆ ಕೂತಿದ್ದಾನೆ, ಆದರೆ ಯಾರೆಂದು ಗೊತ್ತಿಲ್ಲ. ಪೋರ್ಟ್ ಲೂಯಿಯ ಪಟದಲ್ಲಿ ಕೂರಿಸಿದಂತೆ ಕೂತಿದ್ದಾನೆ, ಆದರೆ ಹೆಸರು, ಅಪ್ಪನ ಹೆಸರು, ಜಾತಿ, ಎತ್ತರ, ಮೈಮೇಲಿನ ಗುರುತು, ಹಡಗು, ಜಿಲ್ಲೆ, ಹಳ್ಳಿ ಎಲ್ಲವೂ ದಫ್ತರದಲ್ಲಿವೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದದ್ದರಿಂದ ಹೆಸರುಗಳು ಸೊಟ್ಟಗಾಗಿವೆ, ಅಷ್ಟೆ. ವಂಶಾವಳಿ ಹುಡುಕುವವನಿಗೆ ಎರಡನೆಯದೇ ಲಾಭ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ, ಒಪ್ಪಿಯೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಆ ದಫ್ತರಗಳು, ಆ ಪಟಗಳು ಈಗ ಮಾರಿಷಸ್ಸಿನ ಮೋಕಾ ಊರಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. 2024ರ ಮಾರ್ಚ್‌ನಲ್ಲಿ ಮಾರಿಷಸ್ಸಿಗೆ ಹೋಗಿದ್ದ ನಮ್ಮ ರಾಷ್ಟ್ರಪತಿಗಳು, ಅಲ್ಲಿನ ಭಾರತ ಮೂಲದ ಏಳನೆಯ ತಲೆಮಾರಿನವರಿಗೂ ಭಾರತದ ಸಾಗರೋತ್ತರ ನಾಗರಿಕರ ಕಾರ್ಡು ಸಿಗಲಿದೆ ಎಂದು ಪ್ರಕಟಿಸಿದರು. ಆ ಅರ್ಜಿಗೆ ಪೂರ್ವಜ ಭಾರತದಿಂದ ಬಂದವನೆಂಬ ಆಧಾರ ಬೇಕು. ಅದನ್ನು ಹುಡುಕಿಕೊಂಡು ಜನ ಹೋಗುವುದು ಮೋಕಾದ ಇದೇ ದಫ್ತರಗಳ ಬಳಿಗೆ, ಕೇಳುವುದು ಇದೇ ನಂಬರುಗಳನ್ನು.